ಸೆಲ್ಫ್ ಹೊಡೆಯುವ ಮೊದಲು ಎರಡು ಸುತ್ತು: ಗ್ಯಾರೇಜಿನ ಮೇಸ್ತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮೇಸ್ತ್ರಿಗಳೇ,

ನಿಮ್ಮ ಗ್ಯಾರೇಜಿಗೆ ತಾನಾಗಿಯೇ ಓಡಿಕೊಂಡು ಬಂದ ಕಾರೊಂದು ಅಲ್ಲಿಂದ ಹೊರಡಲಾರದೆ ನಿಂತುಬಿಟ್ಟಿತ್ತು. ಬಂದಾಗ ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಟೈಮಿಂಗ್ ಬೆಲ್ಟಿನ ಆಯಸ್ಸು ಮುಗಿಯುತ್ತ ಬಂದಿದೆ, ದಾರಿಯಲ್ಲಿ ಕಿತ್ತುಹೋಗುವ ಮೊದಲೇ ಬದಲಿಸಿಬಿಡೋಣ ಎಂದು ನಮ್ಮ ಬೀದಿಯ ನಿವೃತ್ತ ಟೀಚರಮ್ಮ ತಮ್ಮ ಹಳೆಯ ಸ್ಯಾಂಟ್ರೋವನ್ನು ನಿಮ್ಮ ಕೈಗೊಪ್ಪಿಸಿದ್ದರು. ಕಂಪನಿಯ ಪುಸ್ತಕ ಹೇಳಿದಂತೆ ನಡೆದುಕೊಳ್ಳುವ ಗಿರಾಕಿಗಳು ನಿಮಗೆ ಎಷ್ಟು ಜನ ಸಿಗುತ್ತಾರೋ ನನಗೆ ಗೊತ್ತಿಲ್ಲ. ಅಂಥವರೊಬ್ಬರಿಗೆ ನೀವು ಕೊಟ್ಟ ಉತ್ತರ ಇದು: "ಬೆಲ್ಟ್ ಹೊಸದು ಹಾಕಿದ್ದೀವಿ, ಮಾರ್ಕ್ ಎಲ್ಲ ಕೂಡಿಸಿದ್ದೀವಿ, ಆದ್ರೂ ಸ್ಟಾರ್ಟ್ ಆಗ್ತಿಲ್ಲಮ್ಮ. ವಾಲ್ವ್ ಬೆಂಡ್ ಆಗಿರ್ಬೇಕು, ಹೆಡ್ ಇಳಿಸ್ಬೇಕಾಗುತ್ತೆ. ಹಳೇ ಗಾಡಿ ನೋಡಿ. ಖರ್ಚು ನೋಡಿದ್ರೆ ಶಿವಾಜಿನಗರದಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ನೇ ತರಿಸೋದು ವಾಸಿ."

ನಾನು ಮೋಟಾರು ಮೆಕ್ಯಾನಿಕ್ ಕೆಲಸವನ್ನು ಹುಡುಗರಿಗೆ ಕಲಿಸಿ ನಿವೃತ್ತನಾದವನು. ನಿಮ್ಮಂಥವರ ಕೈಗಳನ್ನು ನೋಡಿಕೊಂಡೇ ಬದುಕಿದವನು. ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ನೀವು ಹೇಳಿದ ಆ ಮಾತಿನ ಮೇಲೆ ತಕರಾರಿದೆ. ಅದನ್ನು ನಿಮ್ಮೊಬ್ಬರ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ ಎಲ್ಲರೆದುರು ಬರೆಯುತ್ತಿರುವುದಕ್ಕೆ ಕಾರಣ, ಟೈಮಿಂಗ್ ಕೆಲಸ ಮುಗಿದ ಮೇಲೆ ಸ್ಟಾರ್ಟ್ ಆಗದ ಗಾಡಿಗಳು ನಮ್ಮ ಊರೂರಿನ ಗ್ಯಾರೇಜುಗಳಲ್ಲಿ ನಿಂತಿವೆ. ಅವುಗಳಲ್ಲಿ ಎಷ್ಟೋ ಗಾಡಿಗಳ ಹೆಡ್ ಬಿಚ್ಚುವ ಅಗತ್ಯವೇ ಇಲ್ಲ.

ಮೊದಲು ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಈ ಪತ್ರ ಓದುವ ಗಾಡಿ ಮಾಲೀಕರಿಗೂ ತಿಳಿಯಲಿ ಎಂದು. ಎಂಜಿನ್ನಿನಲ್ಲಿ ಕೆಳಗೆ ಕ್ರಾಂಕ್ ಶಾಫ್ಟ್ ಇದೆ, ಅದು ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲೆ ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇದೆ, ಅದು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಇವೆರಡನ್ನೂ ಕಟ್ಟಿಹಾಕಿರುವುದು ಹಲ್ಲಿನ ಬೆಲ್ಟು ಅಥವಾ ಚೈನು. ಕ್ರಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರುತ್ತದೆ. ಅದಕ್ಕೇ ಕ್ಯಾಮಿಗೆ ಕೂರಿಸಿದ ಮೇಲಿನ ಗಾಲಿಯಲ್ಲಿ ಕ್ರಾಂಕಿನ ಕೆಳಗಿನ ಗಾಲಿಯ ಎರಡರಷ್ಟು ಹಲ್ಲು. ಎರಡನ್ನೂ ಹೊಂದಿಸಿ ಕೂರಿಸಲು ಗಾಲಿಗಳ ಮೇಲಿರುವ ಗುರುತುಗಳೇ ಮಾರ್ಕ್. ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವೂ ಇಳಿಯುತ್ತದೆ, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಮಾತ್ರ ಅಪಘಾತವಾಗುವುದಿಲ್ಲ. ಕೋಲಾಟದಲ್ಲಿ ಒಬ್ಬ ಒಂದು ಹೆಜ್ಜೆ ತಪ್ಪಿದರೆ ಕೋಲು ಎದುರಿನವನ ಕೋಲಿಗೆ ಬೀಳದೆ ಅವನ ಬೆರಳಿಗೆ ಬೀಳುತ್ತದಲ್ಲ, ಇಲ್ಲಿಯೂ ಹಾಗೆಯೇ. ಸ್ಯಾಂಟ್ರೋದ್ದು ಅಂಥ ಎಂಜಿನ್.

ಒಂದು ಹಲ್ಲು ತಪ್ಪಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೆಳಗಿನ ಗಾಲಿಗೆ 20 ಹಲ್ಲು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 360 ಡಿಗ್ರಿ, ಅಂದರೆ ಒಂದು ಹಲ್ಲಿಗೆ 18 ಡಿಗ್ರಿ. ಎರಡು ಹಲ್ಲು ತಪ್ಪಿದರೆ 36 ಡಿಗ್ರಿ. ಗಾಳಿ ಒಳಗೆ ಬರುವ ವಾಲ್ವು ಅಷ್ಟು ತಡವಾಗಿ ಮುಚ್ಚಿಕೊಂಡರೆ ಪಿಸ್ಟನ್ ಮೇಲೇರುತ್ತ ಒಳಗೆಳೆದ ಗಾಳಿಯನ್ನು ಮತ್ತೆ ಅದೇ ಬಾಗಿಲಿನಿಂದ ಹೊರಗೆ ತಳ್ಳುತ್ತದೆ. ಒತ್ತಲು ಗಾಳಿಯೇ ಉಳಿಯದ ಮೇಲೆ ಬೆಂಕಿ ಹತ್ತುವುದು ಯಾವುದಕ್ಕೆ? ಒಂದು ಹಲ್ಲು ತಪ್ಪಿದ ಗಾಡಿ ಹೇಗೋ ಸ್ಟಾರ್ಟ್ ಆಗಿ ನಡುಗುತ್ತ, ಎಳೆತವಿಲ್ಲದೆ ಓಡೀತು. ಎರಡು ತಪ್ಪಿದರೆ ಹಟ ಹಿಡಿಯುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ವಾಲ್ವು ಉಳಿಯುವುದು ಕಷ್ಟ.

ಈಗ ನಿಮ್ಮ ಗ್ಯಾರೇಜಿನಲ್ಲಿ ನಾನು ಕಂಡದ್ದಕ್ಕೆ ಬರುತ್ತೇನೆ. ಟೀಚರಮ್ಮನ ಜೊತೆ ನಾನು ಬಂದಾಗ ನಿಮ್ಮ ಹುಡುಗ ಸೆಲ್ಫ್ ಹೊಡೆಯುತ್ತಲೇ ಇದ್ದ. ಬ್ಯಾಟರಿ ಇಳಿದಿತ್ತು, ಪಕ್ಕದ ಆಟೋ ಬ್ಯಾಟರಿಯಿಂದ ವೈರು ಎಳೆದಿದ್ದಿರಿ. ಸೈಲೆನ್ಸರಿನ ತುದಿಯಲ್ಲಿ ಪೆಟ್ರೋಲಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಆ ಗಾಡಿ ಸ್ಟಾರ್ಟ್ ಆಗುವ ಲಕ್ಷಣ ಅಲ್ಲಿರಲಿಲ್ಲ, ಹಾಳಾಗುವ ಲಕ್ಷಣಗಳು ಮಾತ್ರ ಒಂದೊಂದಾಗಿ ಸೇರುತ್ತಿದ್ದವು. ಟೈಮಿಂಗ್ ತಪ್ಪಿದ ಎಂಜಿನ್ನಿಗೆ ಸೆಲ್ಫ್ ಹೊಡೆಯುವುದೆಂದರೆ ವಾಲ್ವು ಬಗ್ಗದಿದ್ದರೂ ಬಗ್ಗುವ ತನಕ ಅವಕಾಶ ಕೊಟ್ಟಂತೆ. ತಪ್ಪು ಗೊತ್ತಾಗುವ ತನಕ ಕೀ ತಿರುಗಿಸುವುದು ನಿಲ್ಲಬೇಕಿತ್ತು.

ಆದರೆ ಆ ಸೆಲ್ಫಿನ ಸದ್ದಿನಲ್ಲಿಯೇ ಅರ್ಧ ಉತ್ತರವಿತ್ತು, ಅದು ನಿಮ್ಮ ಕಿವಿಗೆ ಬೀಳಬೇಕಿತ್ತು. ಆರೋಗ್ಯವಾಗಿರುವ ನಾಲ್ಕು ಸಿಲಿಂಡರಿನ ಎಂಜಿನ್ ಸೆಲ್ಫ್ ಹೊಡೆದಾಗ ಒಂದೇ ಲಯದಲ್ಲಿ ಭಾರ ಎಳೆದಂತೆ ತಿರುಗುತ್ತದೆ, ಪ್ರತಿ ಸಿಲಿಂಡರು ಗಾಳಿ ಒತ್ತುವಾಗ ಒಂದೊಂದು ತಡೆ. ಇಲ್ಲಿ ತಡೆಯೇ ಇರಲಿಲ್ಲ. ಪ್ಲಗ್ ಬಿಚ್ಚಿಟ್ಟ ಎಂಜಿನ್ನಿನಂತೆ ಹಗುರವಾಗಿ, ಒಂದೇ ಸಮನೆ ತಿರುಗುತ್ತಿತ್ತು. ಒಂದು ಸಿಲಿಂಡರಿನ ವಾಲ್ವು ಬಗ್ಗಿದ್ದರೆ ಮೂರು ತಡೆ ಇದ್ದು ನಾಲ್ಕನೆಯದು ಜಾರುತ್ತಿತ್ತು, ಸದ್ದು ಕುಂಟುತ್ತಿತ್ತು. ನಾಲ್ಕೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಸೋತಿವೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ನಾಲ್ಕಕ್ಕೂ ಸಾಮಾನ್ಯವಾಗಿರುವ ಟೈಮಿಂಗನ್ನು.

ಕಂಪ್ರೆಶನ್ ಗೇಜ್ ನಿಮ್ಮ ಬೀರುವಿನಲ್ಲೇ ಇತ್ತು. ಅದನ್ನು ತೆಗೆಸಿದ್ದು ನಾನು. ನಾಲ್ಕೂ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಮೊದಲು ಕೈಯಿಂದ ತಿರುಗಿಸಿ ಎಲ್ಲೂ ತಾಗುತ್ತಿಲ್ಲವೆಂದು ನೋಡಿಕೊಂಡು, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್‌ಗೆ ಹೋಗುವ ಕನೆಕ್ಟರ್ ಬಿಡಿಸಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆಯಬೇಕು. ಸರಿಯಿರುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಆಸುಪಾಸು ಬರುತ್ತದೆ. ಇಲ್ಲಿ ಮುಳ್ಳು ನಾಲ್ಕರಲ್ಲಿಯೂ ಅರ್ಧ ದಾರಿಯಲ್ಲೇ ನಿಂತಿತು, ನಾಲ್ಕರಲ್ಲಿಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ನೀವು ಆ ಮುಳ್ಳನ್ನು ನೋಡಿ "ಅಂದ್ರೆ ಎಲ್ಲಾ ವಾಲ್ವೂ ಹೋಗಿದೆ" ಎಂದಿರಿ. ಮೇಸ್ತ್ರಿಗಳೇ, ಎಲ್ಲಾ ವಾಲ್ವುಗಳೂ ಹೋಗಿದ್ದರೂ ನಾಲ್ಕು ಸಿಲಿಂಡರುಗಳೂ ತೂಕಕ್ಕಿಟ್ಟಂತೆ ಒಂದೇ ಅಳತೆಗೆ ಹೋಗುವುದು ತೀರ ಅಪರೂಪ. ವಾಲ್ವು ಬಗ್ಗಿದ ಸಿಲಿಂಡರಿನಲ್ಲಿ ಮುಳ್ಳು ಏಳುವುದೇ ಕಷ್ಟ. ಅನುಮಾನ ಉಳಿದರೆ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಿ: ಥ್ರಾಟಲ್ ಕಡೆ ಬುಸ್ಸೆಂದರೆ ಒಳಬರುವ ವಾಲ್ವು, ಸೈಲೆನ್ಸರಿನಲ್ಲಿ ಬುಸ್ಸೆಂದರೆ ಹೊರಹೋಗುವ ವಾಲ್ವು, ಆಯಿಲ್ ಮುಚ್ಚಳದಲ್ಲಾದರೆ ಪಿಸ್ಟನ್ ರಿಂಗು. ಆದರೆ ಆ ಸಿಲಿಂಡರಿನ ಎಲ್ಲ ವಾಲ್ವುಗಳೂ ಮುಚ್ಚಿರುವ ಜಾಗದಲ್ಲಿ ಪಿಸ್ಟನ್ನನ್ನು ಮೇಲೆ ತಂದು ನಿಲ್ಲಿಸಿಕೊಂಡೇ ಗಾಳಿ ಬಿಡಬೇಕು, ಗೇರ್ ಹಾಕಿ ಚಕ್ರಕ್ಕೆ ಅಡ್ಡ ಇಟ್ಟಿರಬೇಕು. ಟೈಮಿಂಗ್ ಸರಿಯಿದೆ ಎಂದು ಖಾತ್ರಿಯಾಗುವ ಮೊದಲು ಈ ಪರೀಕ್ಷೆಗೂ ಬೆಲೆಯಿಲ್ಲ.

ಅಷ್ಟಾದ ಮೇಲೆ ಬೆಲ್ಟಿನ ಕವರ್ ಬಿಚ್ಚಿದೆವು. ಕ್ರಾಂಕಿನ ಮಾರ್ಕ್ ಕೂಡಿಸಿ ಮೇಲೆ ನೋಡಿದರೆ ಕ್ಯಾಮಿನ ಗಾಲಿ ಎರಡು ಹಲ್ಲು ಹಿಂದೆ ಬಿದ್ದಿತ್ತು. "ಹಾಕುವಾಗ ಸರಿಯಾಗೇ ಇತ್ತು ಸಾರ್, ನನ್ನ ಕಣ್ಣಾರೆ ನೋಡಿದ್ದೀನಿ" ಎಂದಿರಿ. ನೀವು ಸುಳ್ಳು ಹೇಳಲಿಲ್ಲ ಎಂದೇ ನಂಬುತ್ತೇನೆ. ಹಾಕುವಾಗ ಸರಿಯಾಗಿಯೇ ಇದ್ದಿರಬೇಕು. ಅದು ಹಾಕಿದ ಮೇಲೆ ಕೆಟ್ಟಿದೆ, ಹೇಗೆ ಎಂಬುದನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ, ಈ ಕೆಲಸದ ಜೀವ ಇರುವುದೇ ಅಲ್ಲಿ.

ಬೆಲ್ಟಿಗೆ ಎರಡು ಮಗ್ಗುಲು. ಒಂದನ್ನು ಕ್ರಾಂಕ್ ಎಳೆಯುತ್ತದೆ, ಇನ್ನೊಂದರಲ್ಲಿ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೂತಿರುತ್ತದೆ. ಎಳೆಯುವ ಮಗ್ಗುಲು ಹಾಕುವಾಗಲೇ ಸಡಿಲವಿಲ್ಲದೆ ಬಿಗಿಯಾಗಿ ಕೂರಬೇಕು, ಇರುವ ಸಡಿಲವೆಲ್ಲ ಟೆನ್ಷನರ್ ಇರುವ ಕಡೆಗೆ ಹೋಗಬೇಕು. ಕ್ರಾಂಕಿನಿಂದ ಆರಂಭಿಸಿ ಎಳೆಯುವ ಮಗ್ಗುಲನ್ನು ಬಿಗಿಯಾಗಿ ಹಿಡಿದು ಕ್ಯಾಮಿಗೆ ಏರಿಸಿ, ಕೊನೆಗೆ ಟೆನ್ಷನರ್ ಕಡೆ ಬರುವುದು ರೂಢಿ. ಉಲ್ಟಾ ಕಡೆಯಿಂದ ಬಂದರೆ ಎಳೆಯುವ ಮಗ್ಗುಲಲ್ಲಿ ಸಡಿಲ ಉಳಿದುಬಿಡುತ್ತದೆ. ಎರಡೂ ಮಾರ್ಕ್ ಆಗ ಸರಿಯಾಗಿಯೇ ಕಾಣುತ್ತವೆ! ಬೋಲ್ಟ್ ಟೈಟ್ ಮಾಡಿ, ಕವರ್ ಮುಚ್ಚಿ, ಕೀ ತಿರುಗಿಸುತ್ತೀರಿ. ಕ್ರಾಂಕ್ ತಿರುಗಿ ಮೊದಲು ಆ ಸಡಿಲವನ್ನು ತಿನ್ನುತ್ತದೆ, ಆಮೇಲೆ ಕ್ಯಾಮ್ ಅಲ್ಲಾಡುತ್ತದೆ. ಅಷ್ಟರಲ್ಲಿ ಕ್ಯಾಮ್ ಹಿಂದುಳಿದಾಯಿತು. ಜೊತೆಗೆ ಕ್ಯಾಮ್ ಸುಮ್ಮನೆ ಕೂರುವ ವಸ್ತುವಲ್ಲ. ಒತ್ತಿ ಹಿಡಿದ ವಾಲ್ವಿನ ಸ್ಪ್ರಿಂಗುಗಳು ಅದನ್ನು ಪಕ್ಕಕ್ಕೆ ಚಿಮ್ಮಿಸಲು ಕಾಯುತ್ತಿರುತ್ತವೆ. ಬೆಲ್ಟ್ ತೆಗೆದ ಕ್ಷಣದಲ್ಲಿ ಅದು ಟಕ್ಕೆಂದು ತಿರುಗಿದ್ದನ್ನು ನೀವು ಎಷ್ಟು ಸಲ ಕಂಡಿರಬೇಕು.

ಇದನ್ನು ಹಿಡಿಯಲು ಯಾವ ದುಬಾರಿ ಯಂತ್ರವೂ ಬೇಡ. ಪ್ಲಗ್ಗುಗಳನ್ನು ಬಿಚ್ಚಿ, ಕ್ರಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಮೇಲೆ ಕೆಳಗೆ ಎರಡೂ ಮಾರ್ಕ್ ಮತ್ತೆ ಕೂಡಿದರೆ ಕೆಲಸ ಸರಿ. ಕೂಡದಿದ್ದರೆ ಬಿಚ್ಚಿ ಮತ್ತೆ ಹಾಕಿ, ಒಂದು ಪೈಸೆ ನಷ್ಟವಿಲ್ಲ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು, ಅದು ವಾಲ್ವು ಪಿಸ್ಟನ್ನಿಗೆ ತಾಗಿದ ತಡೆ. ಕೈಯ ಬಲಕ್ಕೆ ವಾಲ್ವು ಸಾಮಾನ್ಯವಾಗಿ ಬಗ್ಗುವುದಿಲ್ಲ, ಸೆಲ್ಫ್ ಮೋಟಾರಿನ ಬಲಕ್ಕೆ ಬಗ್ಗುತ್ತದೆ. ಅದನ್ನು ಮೀರಿಸಲು ಪಾನಾಕ್ಕೆ ಪೈಪು ಸಿಕ್ಕಿಸಬೇಡಿ. ಕ್ಯಾಮಿನ ಬೋಲ್ಟ್ ಹಿಡಿದು ಎಂಜಿನ್ ತಿರುಗಿಸಲೂಬೇಡಿ. ದಿಕ್ಕಿನ ಬಗ್ಗೆಯೂ ಎಚ್ಚರ ಬೇಕು: ಹೆಚ್ಚಿನ ಎಂಜಿನ್ನುಗಳು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ, ಆದರೆ 1998ರಲ್ಲಿ ಇಲ್ಲಿಗೆ ಬಂದ ಮೊದಲ ಹೋಂಡಾ ಸಿಟಿಯ ಎಂಜಿನ್ ಎದುರು ದಿಕ್ಕಿನದು. ಅಭ್ಯಾಸಬಲದಿಂದ ಅದನ್ನೂ ಗಡಿಯಾರದ ದಿಕ್ಕಿಗೇ ತಿರುಗಿಸಿದರೆ ಸಡಿಲ ತಪ್ಪು ಮಗ್ಗುಲಿಗೆ ಸೇರಿಕೊಳ್ಳುತ್ತದೆ.

ಹೊಸ ಬೆಲ್ಟಿನ ಮೇಲೆ ಬಿಳಿ ಗೀಟುಗಳಿದ್ದರೆ ಅವನ್ನು ನೋಡಿ ಗಾಬರಿಯಾಗಬೇಡಿ. ಎರಡು ಸುತ್ತಿನ ನಂತರ ಗಾಲಿಗಳ ಮಾರ್ಕ್ ಕೂಡುತ್ತವೆ, ಬೆಲ್ಟಿನ ಗೀಟು ಕೂಡುವುದಿಲ್ಲ, ಬೆಲ್ಟಿನ ಉದ್ದಕ್ಕೂ ಗಾಲಿಯ ಸುತ್ತಳತೆಗೂ ಆ ಹೊಂದಾಣಿಕೆ ಇಲ್ಲ. ಇದು ತಿಳಿಯದೆ ಸರಿಯಾಗಿ ಕೂತ ಬೆಲ್ಟನ್ನು ಬಿಚ್ಚಿ ತಪ್ಪಾಗಿ ಹಾಕಿದವರಿದ್ದಾರೆ. ಹೊರಗಿನ ಪುಲ್ಲಿಯ ಗೀಟನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕೆಲವು ಪುಲ್ಲಿಗಳಲ್ಲಿ ಒಳಗಿನ ಉಂಗುರಕ್ಕೂ ಹೊರಗಿನದಕ್ಕೂ ನಡುವೆ ರಬ್ಬರ್ ಇರುತ್ತದೆ. ಹಳೆಯದಾದ ಹಾಗೆ ರಬ್ಬರ್ ಬಿಟ್ಟುಕೊಂಡು ಹೊರ ಉಂಗುರ ಜಾರಿದರೆ ಗೀಟು ಸುಳ್ಳು ಹೇಳುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಉದ್ದನೆಯ ಕಡ್ಡಿ ಇಳಿಸಿ, ಪಿಸ್ಟನ್ ನಿಜವಾಗಿ ಮೇಲೆ ಬಂದಿದೆಯೇ ಎಂದು ಬೆರಳಿಗೇ ತಿಳಿದುಕೊಳ್ಳುವುದು ಎಲ್ಲಕ್ಕಿಂತ ಭದ್ರ.

ಗ್ಯಾರೇಜುಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಇನ್ನೊಂದು ಮಾತು "ಟೈಮಿಂಗ್ 180 ಔಟ್ ಆಗಿದೆ" ಎಂಬುದು. ಕ್ಯಾಮಿನ ಮಾರ್ಕೂ ಕ್ರಾಂಕಿನ ಮಾರ್ಕೂ ಒಟ್ಟಿಗೆ ಕೂಡಿದ್ದರೆ ಅಂಥದ್ದೊಂದು ಆಗಲು ಸಾಧ್ಯವೇ ಇಲ್ಲ. ಕ್ರಾಂಕ್ ಮೊದಲ ಸುತ್ತಿನಲ್ಲಿದ್ದರೂ ಎರಡನೆಯದರಲ್ಲಿದ್ದರೂ ಪಿಸ್ಟನ್ ಮೇಲಿರುವ ಜಾಗ ಒಂದೇ, ಯಾವ ಸುತ್ತು ಎಂಬುದನ್ನು ತೀರ್ಮಾನಿಸುವುದು ಕ್ಯಾಮ್. ಡಿಸ್ಟ್ರಿಬ್ಯೂಟರ್ ಇದ್ದ ಅಂಬಾಸಿಡರ್‌ನಂಥ ಗಾಡಿಗಳಲ್ಲಿ ಅದನ್ನು ಬಿಚ್ಚಿ ಹಾಕುವಾಗ ಅರ್ಧ ಸುತ್ತು ತಪ್ಪಿ ಕೂತು, ಕಿಡಿ ತಪ್ಪು ಸಿಲಿಂಡರಿಗೆ ಹೋಗುತ್ತಿತ್ತು. ಆ ಮಾತು ಬಂದದ್ದು ಅಲ್ಲಿಂದ. ಡಿಸ್ಟ್ರಿಬ್ಯೂಟರೇ ಇಲ್ಲದ ಗಾಡಿಯಲ್ಲಿ ಆ ಕಾರಣ ಹೇಳಿ ಬೆಲ್ಟ್ ಬಿಚ್ಚಿದರೆ ಗಿರಾಕಿಯ ಹಣವೂ ನಿಮ್ಮ ಹೊತ್ತೂ ದಂಡ.

ಟೈಮಿಂಗ್ ನಿಜಕ್ಕೂ ಸರಿಯಿದ್ದು ಗಾಡಿ ಏಳದ ಸಂದರ್ಭಗಳೂ ಇವೆ. ಆಗಲೂ ಹೆಡ್ಡಿನ ಕಡೆ ಕೈ ಹೋಗಬಾರದು, ಆ ಕೆಲಸಕ್ಕಾಗಿ ನೀವೇ ಬಿಚ್ಚಿದ್ದು ಏನೇನು ಎಂಬ ಕಡೆ ಹೋಗಬೇಕು. ಎಂಜಿನ್ ಮೌಂಟ್ ಬಿಚ್ಚುವಾಗ ತೆಗೆದ ಅರ್ತಿಂಗ್ ವೈರು ಮತ್ತೆ ಕೂತಿದೆಯೇ? ಕ್ರಾಂಕ್ ಸೆನ್ಸರಿನ ಕನೆಕ್ಟರ್ ಟಕ್ಕೆಂದು ಕೂತಿದೆಯೇ, ಅದರ ವೈರು ಕವರಿನ ಅಡಿಗೆ ಸಿಕ್ಕಿ ಜಜ್ಜಿದೆಯೇ? ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದಾಗ ಎಂಜಿನ್ನಿನ ಸುತ್ತು ನಿಮಿಷಕ್ಕೆ 200–300ರ ಆಸುಪಾಸು ತೋರಿಸಬೇಕು. ಸೊನ್ನೆಯೇ ತೋರಿಸುತ್ತಿದ್ದರೆ ಕಂಪ್ಯೂಟರಿಗೆ ಎಂಜಿನ್ ತಿರುಗುತ್ತಿರುವ ಸುದ್ದಿಯೇ ಮುಟ್ಟಿಲ್ಲ, ಅದು ಕಿಡಿಯನ್ನೂ ಪೆಟ್ರೋಲನ್ನೂ ಕೊಡುವುದಿಲ್ಲ. ಹೊಸ ಗಾಡಿಗಳಲ್ಲಿ ಪಿ0016 ಎಂಬ ಕೋಡ್ ಬಂದಿದ್ದರೆ ಕ್ರಾಂಕಿನ ಲೆಕ್ಕಕ್ಕೂ ಕ್ಯಾಮಿನ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ ಎಂದರ್ಥ, ಪಿ0335 ಕ್ರಾಂಕ್ ಸೆನ್ಸರಿನ ದೂರು. ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಿಬಿಡುವುದು ಬೇರೆಯದೇ ರೋಗ. ಹೊಸ ಸೆನ್ಸರ್ ತರಲು ಜೆ.ಸಿ. ರೋಡಿಗೆ ಹುಡುಗನನ್ನು ಓಡಿಸುವ ಮೊದಲು ಕನೆಕ್ಟರನ್ನು ಬೆರಳಲ್ಲಿ ಹಿಡಿದು ನೋಡಿ. ಇನ್ನು, ಅಷ್ಟು ಹೊತ್ತು ಸೆಲ್ಫ್ ಹೊಡೆದ ಗಾಡಿಯ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದಿರುತ್ತವೆ. ದೋಷ ಸರಿಪಡಿಸಿದ ಮೇಲೂ ಅದೇ ಕಾರಣಕ್ಕೆ ಗಾಡಿ ಏಳದೆ ನಿಮ್ಮ ರಿಪೇರಿಯ ಮೇಲೆ ನಿಮಗೇ ಅನುಮಾನ ಬರುವಂತಾಗುತ್ತದೆ. ಪ್ಲಗ್ ಒಣಗಿಸಿ ಹಾಕಿ. ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಇಂಜೆಕ್ಟರುಗಳು ಪೆಟ್ರೋಲ್ ನಿಲ್ಲಿಸುತ್ತವೆ, ಒಳಗಿರುವುದು ಹೊರಟುಹೋಗುತ್ತದೆ.

ಚೈನಿನ ಗಾಡಿಗಳ ವಿಷಯ ಬಂದಾಗ ಮಾರ್ಕಿನ ಮಾತೂ ಸಾಲುವುದಿಲ್ಲ. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೋ ಎಲ್ಲದರಲ್ಲೂ ಓಡಿದ 1248 ಸಿಸಿಯ ಆ ಡೀಸೆಲ್ ಎಂಜಿನ್ನಿನಲ್ಲಿ ಕ್ಯಾಮನ್ನೂ ಕ್ರಾಂಕನ್ನೂ ಅದಕ್ಕೆಂದೇ ಮಾಡಿದ ಪಿನ್ನುಗಳಿಂದ ಕಟ್ಟಿಹಾಕಿ ಚೈನು ಕೂರಿಸಬೇಕು. ಆ ಟೂಲ್ ಇಲ್ಲದವರು ವೈಟ್‌ನರ್‌ನಲ್ಲಿ ಗುರುತು ಮಾಡಿಕೊಂಡು ಹಾಕುವುದನ್ನು ನೋಡಿದ್ದೇನೆ. ಟೂಲ್ ಇಲ್ಲವೆಂದರೆ ಆ ಕೆಲಸ ಒಪ್ಪಿಕೊಳ್ಳಬೇಡಿ, ಇರುವ ಗ್ಯಾರೇಜಿಗೆ ಕಳಿಸಿ. ಹಾಗೆ ಕಳಿಸಿದ ಮೇಸ್ತ್ರಿಯನ್ನು ಗಿರಾಕಿ ಮರೆಯುವುದಿಲ್ಲ.

ಟೀಚರಮ್ಮನ ಕಾರಿಗೆ ಏನಾಯಿತು ಎಂದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಬೆಲ್ಟನ್ನು ಸರಿಯಾದ ಮಗ್ಗುಲಿಂದ ಮತ್ತೆ ಏರಿಸಿ, ಟೆನ್ಷನರನ್ನು ಬೆಲ್ಟಿನ ಮೇಲೆ ಬಿಟ್ಟು, ನಿಮ್ಮ ಹುಡುಗನ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆವು. ಮಾರ್ಕ್ ಕೂಡಿದ ಮೇಲೆ ಮತ್ತೆ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರಿನ ಮುಳ್ಳು ಇರಬೇಕಾದ ಜಾಗಕ್ಕೆ ಏರಿತು. ವಾಲ್ವುಗಳು ಒಂದೂ ಬಗ್ಗಿರಲಿಲ್ಲ. ಅಷ್ಟು ಹೊತ್ತು ಸೆಲ್ಫ್ ಹೊಡೆಸಿಕೊಂಡೂ ಉಳಿದದ್ದು ಆ ಅಮ್ಮನ ಪುಣ್ಯ, ನಮ್ಮ ಜಾಣತನವಲ್ಲ. ಪ್ಲಗ್ ಒಣಗಿಸಿ ಕೀ ತಿರುಗಿಸಿದಾಗ ಗಾಡಿ ಎದ್ದಿತು. ಟೀಚರಮ್ಮ ಸ್ಟೀರಿಂಗಿಗೆ ಕೈ ಮುಗಿದು ಹೊರಟರು. ಅವರು ನಿಮ್ಮನ್ನು ಒಂದು ಮಾತೂ ಅನ್ನಲಿಲ್ಲ.

ಅದಕ್ಕೇ ನಾನು ಅನ್ನುತ್ತಿದ್ದೇನೆ. ಹೆಡ್ ಇಳಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಹೆಡ್ ಗ್ಯಾಸ್ಕೆಟ್, ಲೇತ್ ಖರ್ಚು, ವಾಲ್ವ್ ಲ್ಯಾಪಿಂಗ್, ಕೂಲಿ ಎಲ್ಲ ಸೇರಿ ಒಂದು ಪಿಂಚಣಿಯ ಮೇಲೆ ಬೀಳುತ್ತಿತ್ತು. ಬಿಚ್ಚಿದ ಹೆಡ್ಡನ್ನು ಮತ್ತೆ ಕೂರಿಸುವಾಗ ನೀವು ಟೈಮಿಂಗನ್ನೂ ಹೊಸದಾಗಿ ಕೂರಿಸುತ್ತಿದ್ದಿರಿ, ಗಾಡಿ ಎದ್ದುಬಿಡುತ್ತಿತ್ತು, ಹೆಡ್ ಕೆಲಸ ಮಾಡಿದ್ದಕ್ಕೇ ಎದ್ದಿತು ಎಂದು ನೀವೂ ನಂಬುತ್ತಿದ್ದಿರಿ, ಅವರೂ ನಂಬುತ್ತಿದ್ದರು. ತಪ್ಪು ಎಲ್ಲಿತ್ತು ಎಂಬುದು ಯಾರಿಗೂ ಗೊತ್ತಾಗದೆ ಮುಂದಿನ ಗಾಡಿಗೂ ಅದೇ ಆಗುತ್ತಿತ್ತು. ನನ್ನನ್ನು ಕಾಡುತ್ತಿರುವುದು ಇದೇ. ನಿಮ್ಮ ಆ ಹುಡುಗ, ಗ್ರೀಸಿನ ಕೈಯಲ್ಲಿ ಪಾನಾ ಹಿಡಿದು ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದನಲ್ಲ, ಅವನು ನಿಮ್ಮಿಂದ ಕಲಿಯುವುದು ಯಾವುದನ್ನು? "ಏಳದಿದ್ದರೆ ಹೆಡ್ ಬಿಚ್ಚು" ಎಂಬುದನ್ನೇ? ಅವನಿಗೆ ಇನ್ನು ಹತ್ತಾರು ವರ್ಷದ ಕೆಲಸವಿದೆ, ಸಾವಿರಾರು ಗಾಡಿಗಳು ಅವನ ಕೈಗೆ ಬರಲಿವೆ.

ಕಡೆಯದಾಗಿ ಒಂದು ನ್ಯಾಯದ ಮಾತು. ಓಡಿಕೊಂಡು ಬಂದ ಗಾಡಿಯ ಟೈಮಿಂಗ್ ಕೆಲಸ ಗ್ಯಾರೇಜಿನಲ್ಲಿ ತಪ್ಪಿ ವಾಲ್ವು ಬಗ್ಗಿದರೆ ಆ ಹೆಡ್ಡಿನ ಖರ್ಚು ಗ್ಯಾರೇಜಿನದೇ. ಗಾಡಿ ಹಳೆಯದು ಎಂಬುದು ಅದಕ್ಕೆ ಉತ್ತರವಲ್ಲ. ಮಾಲೀಕರೇ, ಬೆಲ್ಟ್ ಬದಲಿಸಲು ಕೊಡುವಾಗ "ಕೈಯಿಂದ ಎರಡು ಸುತ್ತು ತಿರುಗಿಸಿ ಮಾರ್ಕ್ ನೋಡಿದ ಮೇಲೇ ಸೆಲ್ಫ್ ಹೊಡೀರಿ" ಎಂದು ಕೇಳಿಕೊಳ್ಳಿ. ಏಳದಿದ್ದರೆ ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳತೆಯನ್ನು ಕಾಗದದ ಮೇಲೆ ಬರೆದು ಕೊಡುವಂತೆ ಹೇಳಿ, ಅದನ್ನು ನೋಡದೆ ಹೆಡ್ ಬಿಚ್ಚಲು ಒಪ್ಪಬೇಡಿ. ಮೇಸ್ತ್ರಿಗಳೇ, ಅವರು ಹಾಗೆ ಕೇಳಿದಾಗ ಬೇಸರ ಮಾಡಿಕೊಳ್ಳಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಹುಡುಗನನ್ನು ಕರೆದು, ಬೆಲ್ಟಿನ ಯಾವ ಮಗ್ಗುಲು ಎಳೆಯುತ್ತದೆ, ಸಡಿಲ ಎಲ್ಲಿರಬೇಕು ಎಂದು ಒಂದು ಎಂಜಿನ್ ಮುಂದೆ ನಿಲ್ಲಿಸಿ ತೋರಿಸಿಕೊಡಿ. ಇಷ್ಟು ನಡೆಸಿಕೊಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಹಿತ ಬಯಸುವ,
ಒಬ್ಬ ನಿವೃತ್ತ ಮೋಟಾರು ಮೆಕ್ಯಾನಿಕ್ ಬೋಧಕ